ಬಾಗಿಲ ಪಕ್ಕದ ಅರ್ಧಚಂದ್ರದ ಮೇಜು

ಮೊನ್ನೆ ಶಿವಾಜಿನಗರದ ಒಂದು ಗುಜರಿ ಅಂಗಡಿಯಲ್ಲಿ ಹಳೇ ಫೋನಿನ ರಿಸೀವರ್ ಎತ್ತಿ ಮೂಗಿಗೆ ಹಿಡಿದುಕೊಂಡೆ. ಅಂಗಡಿಯವನು, "ಕಿವಿಗಿಟ್ಕೊಳ್ಳೋದು ಮೇಡಂ ಅದನ್ನ" ಎಂದು ನಕ್ಕ. ನಗಲಿ ಬಿಡಿ, ಅವನಿಗೇನು ಗೊತ್ತು! ಮಾತಾಡುವ ತುದಿಗೆ ಅಂಟಿಸುತ್ತಿದ್ದ ತೂತುತೂತಿನ ಪ್ಲಾಸ್ಟಿಕ್ ಬಿಲ್ಲೆ ಇನ್ನೂ ಅದರ ಮೇಲಿತ್ತು. ನಿಮಗೂ ನೆನಪಿರಬೇಕು. ಮನೆಗೆ ಹೊಸದಾಗಿ ಫೋನು ಬಂದ ಕಾಲದಲ್ಲಿ ಅಂಥದ್ದೊಂದು ಘಮ್ಮೆನ್ನುವ ಬಿಲ್ಲೆ ತಂದು ಅಂಟಿಸದಿದ್ದರೆ ಫೋನಿಗೆ ಮರ್ಯಾದೆಯೇ ಇರುತ್ತಿರಲಿಲ್ಲ. ಹೆಸರಿಗೆ ಮಲ್ಲಿಗೆ, ವಾಸನೆ ಮಾತ್ರ ಸೋಪು, ಪೌಡರು, ಮಾತಾಡಿ ಹೋದವರ ಎಲೆಅಡಿಕೆ ಎಲ್ಲ ಬೆರೆತದ್ದು. ಗುಜರಿಯ ಬಿಲ್ಲೆಯಲ್ಲಿ ಧೂಳಿನ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ ಅನ್ನಿ. ಆದರೂ ಒಂದೇ ಉಸಿರಿಗೆ ನಮ್ಮ ಮನೆಯ ಬಾಗಿಲು ಕಂಡಿತು, ಕೆಂಪು ಗಾರೆಯ ನೆಲ ಕಂಡಿತು, ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತ ಅತ್ತೆಯ ಮೇಜು ಕಂಡಿತು. "ಲೇ, ಹೂ ತಂದ್ಯಾ ಇಲ್ವಾ?" ಎಂದು ಅವಳು ಗದರಿದ್ದೂ ಕೇಳಿಸಿತು. ಅಂಗಡಿಯಲ್ಲಿ ನಿಂತಲ್ಲೇ ನಾನು ಮತ್ತೆ ನಾಲ್ಕನೇ ಕ್ಲಾಸಿನ ಹುಡುಗಿಯಾಗಿದ್ದೆ.

ನಮ್ಮದು ಕೆ.ಆರ್. ಪುರಕ್ಕೂ ಮಾರತ್ತಹಳ್ಳಿಗೂ ನಡುವಿನ ಒಂದು ಹಳೇ ಊರು. ರಿಂಗ್ ರೋಡಿಗೆಂದು ಲಾರಿಗಟ್ಟಲೆ ಮಣ್ಣು ತಂದು ಸುರಿಯುತ್ತಿದ್ದ ಕಾಲ. ಒಣಹಾಕಿದ ಬಟ್ಟೆಯೆಲ್ಲ ಸಂಜೆಗೆ ಕೆಂಪು. ಮನೆಯಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಂಗಿ ರತ್ನತ್ತೆ. ಅಪ್ಪ ಫೋನು ತಯಾರಿಸುವ ಕಾರ್ಖಾನೆಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಅತ್ತೆ ಮದುವೆಯಾಗಿರಲಿಲ್ಲ. ಯಾರಾದರೂ ಕೇಳಿದರೆ, "ಪುರ್ಸೊತ್ತಾಗ್ಲಿಲ್ಲ ಕಣ್ರೀ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕಂಟೋನ್ಮೆಂಟಿನ ಒಂದು ಗೆಸ್ಟ್ ಹೌಸಿನಲ್ಲಿ ಅವಳಿಗೆ ಕೆಲಸ. ಕೋಣೆಗಳನ್ನು ಒಪ್ಪ ಮಾಡುವುದು, ಹೂವಿಡುವುದು, ಬಂದವರ ಕಣ್ಣಿಗೆ ಮೊದಲು ಬೀಳುವ ಬಾಗಿಲ ಮೇಜನ್ನು ಸಿಂಗರಿಸುವುದು. ಆ ಮೇಜಿನ ಹುಚ್ಚು ಅವಳಿಗೆ ಹತ್ತಿದ್ದು ಅಲ್ಲಿಯೇ. "ಮನೆ ಅಂದ್ರೆ ಬಾಗ್ಲಲ್ಲೇ ಬಾ ಅನ್ಬೇಕು ಕಣೇ. ಬಾಯಲ್ಲಿ ಅಲ್ಲ, ಕಣ್ಣಿಗೆ ಅನ್ಬೇಕು" ಎನ್ನುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಗೂಡ್ಸ್ ಆಟೋವೊಂದು ನಮ್ಮ ಬೀದಿಗೆ ನುಗ್ಗಿತು. ಹಿಂದೆ ಅತ್ತೆ, ಅವಳ ತೋಳಿನಲ್ಲಿ ಒಂದು ಮೇಜು! ಶಿವಾಜಿನಗರದ ಗುಜರಿಯವನ ಹತ್ತಿರ ಜಗಳವಾಡಿ ತಂದದ್ದು. ಯಾವುದೋ ಬಂಗಲೆಯದಂತೆ, ತೇಗದ್ದು, ಅರ್ಧಚಂದ್ರದ ಆಕಾರ, ಮೂರೇ ಕಾಲು. ಚಪ್ಪಟೆ ಬದಿ ಗೋಡೆಗೆ, ಗುಂಡನೆಯ ಬದಿ ನಮ್ಮ ಕಡೆಗೆ. ಅಮ್ಮ ಸುತ್ತ ಒಂದು ಬಾರಿ ಬಂದು ನೋಡಿ, "ಇನ್ನರ್ಧ ಎಲ್ಲಿ ಬಿಟ್ಬಂದೆ ರತ್ನಾ?" ಎಂದಳು. ಬೀದಿಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ತನ್ನ ಸೀರೆಯ ಸೆರಗಿನಲ್ಲೇ ಮೇಜು ಒರೆಸುತ್ತಿದ್ದುದನ್ನು ಕಂಡು, "ಹೆತ್ತೋರಿಗೆ ಹೆಗ್ಗಣ ಮುದ್ದು" ಎಂದು ಅಮ್ಮ ಒಳಗೆ ಹೋದಳು. ಆದರೆ ಬಾಗಿಲಿನ ಬಲಗಡೆಗೆ ಅದು ನಿಂತ ಮೇಲೆ ಇಡೀ ಮನೆಯೇ ಬೆನ್ನು ನೆಟ್ಟಗೆ ಮಾಡಿಕೊಂಡಂತೆ ಕಂಡಿತು. ಸಂಜೆಯ ಹೊತ್ತಿಗೆ ಅಮ್ಮನೂ ಬಂದು ಅದರ ಮೇಲೊಮ್ಮೆ ಕೈಯಾಡಿಸಿದ್ದನ್ನು ನಾನು ನೋಡಿದೆ.

ಅಬ್ಬಾ, ಆಮೇಲಿನ ಶನಿವಾರಗಳು! ಪ್ರತಿ ಶನಿವಾರ ಮೇಜಿಗೆ ಹೊಸ ವೇಷ. ನಾನು ಸ್ಕೂಲಿನಿಂದ ಓಡಿ ಬರುತ್ತಿದ್ದೆ, ಊಟ ಕೂಡ ಬೇಡ. ಕೆರೆಯಂಚಿನಿಂದ ಜೊಂಡು ಕಿತ್ತು ತರುವುದು ನನ್ನ ಕೆಲಸ. ಅತ್ತೆ ಅದಕ್ಕೆ ಬೆಳ್ಳಿ ಬಣ್ಣ ಬಳಿದು ಹಿತ್ತಾಳೆ ಚೊಂಬಿನಲ್ಲಿ ನಿಲ್ಲಿಸುತ್ತಿದ್ದಳು. ಹಿಂದೆ ಅಂಚು ಮುಕ್ಕಾದ ಒಂದು ಕನ್ನಡಿ. ಅದರ ಮುಂದೆ ಸುಣ್ಣದಂತೆ ಬಿಳುಪಾದ ಪುಟ್ಟ ಬುದ್ಧ. ಅಪ್ಪ ಬುದ್ಧನನ್ನು ಒಪ್ಪಿಕೊಂಡ ಮೇಲೆ ಮನೆಗೆ ಬಂದವನು ಅವನು. ಒಂದು ವಾರ ಹಲಸೂರಿನ ಸಂತೆಯಿಂದ ತಂದ ಹಸಿರು ನಿಂಬೆಹಣ್ಣು, ಇನ್ನೊಂದು ವಾರ ಅವರೇಕಾಯಿಯ ಸೊಗಡು ತುಂಬಿದ ಬಿದಿರಿನ ತಟ್ಟೆ, ಕ್ರಿಸ್ಮಸ್ಸಿಗೆ ಗೆಸ್ಟ್ ಹೌಸಿನಲ್ಲಿ ಮಿಕ್ಕಿದ ಕಾಗದದ ನಕ್ಷತ್ರ. "ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಬಂದೋರು ಕೈ ಇಡೋಕೆ ಒಂಚೂರು ಜಾಗ ಖಾಲಿ ಬಿಡ್ಬೇಕು" ಎಂಬುದು ಅವಳ ಮಂತ್ರ. ಆ ಖಾಲಿ ಜಾಗ ಯಾರಿಗೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ಗೊತ್ತಾದದ್ದು ಫೋನು ಬಂದ ಮೇಲೆ. ದುಡ್ಡಿದ್ದವರೂ ಫೋನಿಗೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಅಪ್ಪ ಕಾರ್ಖಾನೆಯವನಾದ್ದರಿಂದ ನಮಗೆ ಬೇಗ ಸಿಕ್ಕಿತು. ಸುತ್ತಮುತ್ತ ಬೇರೆ ಯಾರಿಗೂ ಇರಲಿಲ್ಲ. ಅತ್ತೆ ಅದನ್ನು ಅರ್ಧಚಂದ್ರದ ನಟ್ಟನಡುವೆ ಕೂರಿಸಿದಳು, ಅಮ್ಮ ಅದಕ್ಕೊಂದು ಕ್ರೋಷಾ ಹೊದಿಕೆ ಹೆಣೆದಳು. ನಮ್ಮ ನಂಬರು ಎರಡೂ ಬೀದಿಯವರ ನಂಬರಾಯಿತು. ಎರಡು ಬೀದಿ ಯಾಕೆಂದರೆ ನಮ್ಮ ಊರಿನಲ್ಲಿ ಎರಡೇ ಇದ್ದದ್ದು, ಊರ ಒಳಗಿನದು ಮತ್ತು ನಮ್ಮದು. ಬಾಕಿಯದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದಿಯವರು ಫೋನು ಬಂತೆಂದರೆ ದಡದಡ ಒಳಗೆ ಬಂದು, ಮಾತಾಡಿ, ಬುದ್ಧನ ತಲೆ ಸವರಿ, ಅಮ್ಮನ ಕೈಯ ಕಾಫಿ ಕುಡಿದು ಹೋಗುತ್ತಿದ್ದರು. ಊರೊಳಗಿನವರು ಫೋನು ಬೇಕೆಂದು ಬರುತ್ತಿದ್ದರು, ಆದರೆ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು. ನಾವು ರಿಸೀವರನ್ನು ಅವರ ಕೈಗೆ ಕೊಡಬೇಕು.

ಅವರಲ್ಲಿ ಒಬ್ಬರು ಗಿರಿಜಮ್ಮ. ಗೌಡರ ಮನೆಯ ಮಗಳು, ಸೋದರಮಾವನನ್ನೇ ಮದುವೆಯಾಗಿ ಅದೇ ಮನೆಯಲ್ಲಿ ಉಳಿದವರು. ಅವರ ಹಿತ್ತಲು ಮುಗಿದಲ್ಲಿ ನಮ್ಮ ಬೀದಿ ಶುರು. ಅತ್ತೆಯೂ ಅವರೂ ಊರ ಸ್ಕೂಲಿನಲ್ಲಿ ಒಂದೇ ಬೆಂಚು. ಕೆರೆ ಏರಿಯ ಸಂಪಿಗೆ ಮರಕ್ಕೆ ಗಿರಿಜಮ್ಮ ಹತ್ತುವುದು, ಅತ್ತೆ ಕೆಳಗೆ ಲಂಗ ಹರಡಿ ಹಿಡಿಯುವುದು. ಒಂದು ದಿನ ಆ ಹೂವು ಹಂಚಿಕೊಳ್ಳಲು ಗಿರಿಜಮ್ಮ ನಮ್ಮ ಮನೆಯ ಹೊಸ್ತಿಲು ದಾಟಿ ಬಂದು ಕೂತಿದ್ದರಂತೆ. ಅವರ ಅಜ್ಜಿ ಹುಡುಕಿಕೊಂಡು ಬಂದು, ಹುಣಸೆ ಬರಲಿನಿಂದ ಬೀದಿಯುದ್ದಕ್ಕೂ ಹೊಡೆದುಕೊಂಡು ಹೋಗಿ, ತಣ್ಣೀರು ಹುಯ್ದು ಒಳಗೆ ಕರೆದುಕೊಂಡರಂತೆ. ಆವತ್ತಿನಿಂದ ಗಿರಿಜಮ್ಮ ನಮ್ಮ ಮನೆಗೆ ಬರುವುದು ಬಿಡಲಿಲ್ಲ, ಆದರೆ ಹೊಸ್ತಿಲವರೆಗೆ ಮಾತ್ರ. ಹೊಸ್ತಿಲ ಆಚೆ ಅವರು, ಈಚೆ ಅತ್ತೆ, ಗಂಟೆಗಟ್ಟಲೆ ಹರಟೆ. "ಅವ್ಳ ಕಾಲಿಗೆ ಬಿದ್ದ ಏಟು ನಂಗಿನ್ನೂ ಚುರುಕ್ ಅನ್ನತ್ತೆ ಕಣೇ" ಎಂದು ಅತ್ತೆ ಒಮ್ಮೆ ನನ್ನ ಹತ್ತಿರ ಹೇಳಿದಳು.

ಅದಕ್ಕೇ ಈ ಮೇಜು! ಗಿರಿಜಮ್ಮ ಒಂದು ದಿನ ತಾವಾಗಿಯೇ ಒಳಗೆ ಬರಬೇಕು, ಇಷ್ಟೇ ಅತ್ತೆಯ ಆಸೆ. ಕರೆಯುವ ಹಾಗಿಲ್ಲ. "ನಾನ್ ಕರೆದು ಅವ್ಳು ಬರ್ದೆ ಹೋದ್ರೆ ನಮ್ಮಿಬ್ರಿಗೂ ಮುಖ ಎತ್ತಕ್ಕಾಗಲ್ಲ. ಕರೆದದ್ದಕ್ಕೆ ಬಂದ್ರೆ ದಾಕ್ಷಿಣ್ಯಕ್ಕೆ ಬಂದಂಗಾಗತ್ತೆ. ಅವ್ಳಾಗವ್ಳೇ ಬರ್ಬೇಕು." ಮನೆಯವರಿಗೆಲ್ಲ ಕಟ್ಟಪ್ಪಣೆಯಾಯಿತು, ಗಿರಿಜಮ್ಮನಿಗೆ ಯಾರೂ 'ಒಳಗೆ ಬನ್ನಿ' ಅನ್ನಬಾರದು. ನನ್ನ ನಾಲಿಗೆ ತುದಿಗೆ ಎಷ್ಟು ಸಲ ಬಂದು ನಿಂತಿತ್ತೋ ಆ ಮಾತು! ಫೋನು ಬಂದದ್ದು ಅತ್ತೆಗೆ ವರವೇ ಆಯಿತು. ಗಿರಿಜಮ್ಮನ ಮಗಳು ಮಂಗಳಾ ಆಗಷ್ಟೇ ಹೊಸಕೋಟೆಗೆ ಮದುವೆಯಾಗಿ ಹೋಗಿದ್ದಳು. ವಾರವಾರ ಅವಳ ಫೋನು. ತಂತಿ ಗಿಡ್ಡ. ಮಗಳ ದನಿ ಕೇಳಬೇಕೆಂದರೆ ಒಳಗೆ ಬರಲೇಬೇಕು ಎಂದು ಅತ್ತೆಯ ಲೆಕ್ಕ. ಮೇಜನ್ನು ಒಂದು ಗೇಣು ಒಳಕ್ಕೆ ಸರಿಸಿ, ಗಾಜಿನ ಬೋಗುಣಿಯಲ್ಲಿ ನೀರು ತುಂಬಿ ಸಂಪಿಗೆ ತೇಲಿಬಿಟ್ಟು, ಸೀರೆ ನಿರಿಗೆ ಸರಿಮಾಡಿಕೊಂಡು ಕಾದು ಕೂತಳು.

ನಮ್ಮಪ್ಪ ಎಂಥ ಪುಣ್ಯಾತ್ಮ ನೋಡಿ. ಬಾಗಿಲ ಹೊರಗೆ ಕತ್ತು ಚಾಚಿಕೊಂಡು ಒದ್ದಾಡುತ್ತಿದ್ದ ಗಿರಿಜಮ್ಮನನ್ನು ಕಂಡು ಅವನ ಕರುಳು ಚುರುಕ್ಕೆಂದು, ಮಾರನೇ ದಿನವೇ ಸುರುಳಿಸುರುಳಿಯಾದ ಉದ್ದನೆಯ ತಂತಿ ತಂದು ಹಾಕಿಬಿಟ್ಟ! ಗಿರಿಜಮ್ಮ ರಿಸೀವರ್ ಹಿಡಿದುಕೊಂಡು ಹೋಗಿ ಜಗಲಿಯ ಮೇಲೆ ಆರಾಮವಾಗಿ ಕೂತು, ಮೇಜಿಗೆ ಬೆನ್ನು ಹಾಕಿ, ಕಾಲು ಅಲ್ಲಾಡಿಸುತ್ತ ಮಗಳ ಜೊತೆ ಮಾತಾಡಿದರು. ಅತ್ತೆ ಅವತ್ತು ಅಣ್ಣನಿಗೆ ಮುದ್ದೆ ಬಡಿಸಿದ ರಭಸಕ್ಕೆ ತಟ್ಟೆ ಸೀಳಬೇಕಿತ್ತು. "ಏನಾಯ್ತೇ ನಿಂಗೆ? ಒಳ್ಳೇದ್ ಮಾಡಿದ್ನಲ್ಲ" ಎಂದ ಅಪ್ಪ. "ಒಳ್ಳೇದಾ? ವಯರ್ ತಂದಿದ್ದಲ್ಲ ಅಣ್ಣ ನೀನು, ಅವ್ಳು ಇನ್ನ್ ಜನ್ಮದಲ್ಲಿ ಒಳಗ್ ಬರ್ದೇ ಇರೋಕೆ ದಾರಿ ತಂದ್ಕೊಟ್ಟೆ!" ಅಪ್ಪನಿಗೆ ಆಗ ಹೊಳೆಯಿತು.

ಅತ್ತೆ ಸೋಲೊಪ್ಪುವವಳಲ್ಲ. ಆ ತಿಂಗಳುಗಳಲ್ಲಿ ಮೇಜು ಕಂಡ ವೈಭವವನ್ನು ಕಂಟೋನ್ಮೆಂಟಿನ ಯಾವ ಬಂಗಲೆಯೂ ಕಂಡಿರಲಾರದು. ಜಗಲಿಯಲ್ಲಿ ಕೂತವರಿಗೂ ಕಾಣಲೆಂದು ಕನ್ನಡಿಯನ್ನು ಓರೆ ಮಾಡಿದಳು. ಹೂವಿನ ವಾಸನೆ ಹೊರಗೆ ಹೋಗಲೆಂದು ಕಿಟಕಿ ತೆಗೆದಳು. ಗಿರಿಜಮ್ಮ ಮಾತಿನ ನಡುವೆ ಮೂಗರಳಿಸಿ, "ಸಂಪಿಗೆ ತಂದಿದ್ದೀಯೇನೇ?" ಎನ್ನುತ್ತಿದ್ದರು. ಒಳಗಿನಿಂದ ಅತ್ತೆ, "ಹೂಂ, ಇಲ್ಲೇ ಇದೆ" ಎನ್ನುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು ಎಂದು ಈಗ ನನಗನ್ನಿಸುತ್ತದೆ. ಗಿರಿಜಮ್ಮನೂ ಆ ಹೊಸ್ತಿಲನ್ನು ನೋಡುತ್ತಿದ್ದರು. ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿ ಕಾಲು ಹಿಂದಕ್ಕೆಳೆದುಕೊಳ್ಳುವುದನ್ನು ನಾನೇ ಕಂಡಿದ್ದೆ. ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು, ಆ ಹುಣಸೆ ಬರಲಿನ ಏಟು ಮಾತ್ರ ಇನ್ನೂ ಕಾಲಿನ ಮೇಲೇ ಇತ್ತು.

ಕೊನೆಗೆ ಅತ್ತೆಯ ಕಷ್ಟ ಕಂಡು ಕರಗಿದ್ದು ಒಂದು ಮೇಕೆ! ಅದೂ ಗಿರಿಜಮ್ಮನ ಮನೆಯದೇ. ಒಂದು ದಿನ ಅವರು ಮಾತು ಮುಗಿಸಿ ರಿಸೀವರನ್ನು ಜಗಲಿಯ ಮೇಲಿಟ್ಟು ಅಮ್ಮನ ಹತ್ತಿರ ಕರಿಬೇವು ಕೇಳುತ್ತಿದ್ದಾಗ, ಹಿಂದೆಯೇ ಬಂದಿದ್ದ ಮೇಕೆ ಆ ಉದ್ದ ತಂತಿಯನ್ನು ಕಟಂ ಕಟಂ ಅಗಿದುಹಾಕಿತು. ಅತ್ತೆ ಆ ಮೇಕೆಗೆ ಬಾಳೆಹಣ್ಣು ತಿನ್ನಿಸಿದಳು. "ಮೇಕೆಗಿರೋ ಬುದ್ಧಿ ನಮ್ಮಣ್ಣಂಗಿಲ್ವಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಮತ್ತೆ ಗಿಡ್ಡ ತಂತಿ ಬಂತು. ಆದರೆ ಗಿರಿಜಮ್ಮ ಅದಕ್ಕೂ ಉಪಾಯ ಕಂಡುಕೊಂಡರು. ಹೊಸ್ತಿಲ ಹೊರಗೆ ನಿಂತು, "ನೀನೇ ಕೇಳಿ ಹೇಳಮ್ಮ" ಎಂದು ನನ್ನನ್ನು ನಡುವೆ ನಿಲ್ಲಿಸಿದರು. ನನಗೋ ಖುಷಿಯೋ ಖುಷಿ! ಮಂಗಳಾ ಆ ಕಡೆಯಿಂದ ಮೆಲ್ಲಗೆ, ನಾಚಿಕೊಂಡು ಹೇಳುವುದು, ನಾನು ಈ ಕಡೆ ಬೀದಿಗೆಲ್ಲ ಕೇಳುವಂತೆ ಕಿರುಚುವುದು. "ಗಿರಿಜಮ್ಮಾ! ಮಂಗಳಕ್ಕಂಗೆ ಹುಣಸೆಕಾಯಿ ತಿನ್ನಂಗಾಗಿದ್ಯಂತೆ! ಬೆಳಿಗ್ಗೆ ಎದ್ರೆ ವಾಂತಿ ಅಂತೆ!" ಗಿರಿಜಮ್ಮನ ಗಂಡನಿಗಿಂತ ಮೊದಲು ನಮ್ಮ ಬೀದಿಯ ನಲ್ಲಿಕಟ್ಟೆಗೆ ವಿಷಯ ಗೊತ್ತಾಯಿತು. "ಅಯ್ಯೋ ಮುಂಡೇದೇ, ಮೆತ್ತಗೆ ಹೇಳೇ!" ಎಂದು ಅವರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು, ಅಳುತ್ತಲೂ ಇದ್ದರು.

ಏಳನೇ ತಿಂಗಳಿಗೆ ಮಂಗಳಾ ತವರಿಗೆ ಬಂದಳು. ದಿನ ತುಂಬಿದಾಗ ಕಂಟೋನ್ಮೆಂಟಿನ ಆಸ್ಪತ್ರೆಗೆ ಸೇರಿಸಿದರು. ನೋವು ಶುರುವಾದದ್ದು ನಿಂತುಹೋಗಿ, ಡಾಕ್ಟರು ಏನೋ ಅನುಮಾನ ಹೇಳಿ, ಊರೆಲ್ಲ ಮುಖ ಸಪ್ಪಗೆ ಮಾಡಿಕೊಂಡಿತ್ತು. ಅಳಿಯನನ್ನು ಅಲ್ಲಿ ಬಿಟ್ಟು, ಬಟ್ಟೆ ಮತ್ತು ಗಂಜಿ ತರಲೆಂದು ಗಿರಿಜಮ್ಮ ಬೆಳಿಗ್ಗೆ ಮನೆಗೆ ಬಂದಿದ್ದರು. ಅವತ್ತು ಶನಿವಾರ. ಅತ್ತೆ ರಜೆ ಹಾಕಿ, ಏನೂ ತೋಚದೆ, ಬೆಳಗಿನಿಂದ ಮೇಜು ಸಿಂಗರಿಸುತ್ತಲೇ ಇದ್ದಳು. ಇಟ್ಟದ್ದನ್ನು ತೆಗೆಯುವುದು, ತೆಗೆದದ್ದನ್ನು ಇಡುವುದು. ಬೋಗುಣಿ ತುಂಬ ಸಂಪಿಗೆ. ಫೋನು ಟ್ರಿಣ್ ಎಂದಿತು. ನಾನೇ ಎತ್ತಿದೆ, ಅಳಿಯನ ದನಿ, "ನಮ್ಮತ್ತೇನ್ ಕರೀ, ಬೇಗ ಕರೀ!" ಅದು ನಗುವ ದನಿಯೋ ಅಳುವ ದನಿಯೋ ತಿಳಿಯಲಿಲ್ಲ. ಹಿತ್ತಲಿಗೆ ಓಡಿ ಕೂಗಿದೆ. ಗಿರಿಜಮ್ಮ ಒದ್ದೆ ಕೈಯಲ್ಲೇ ಓಡಿ ಬಂದರು. ಬಂದವರು, ನಂಬುತ್ತೀರೋ ಇಲ್ಲವೋ, ಹೊಸ್ತಿಲಿಗೆ ಬಂದು ಗಕ್ಕನೆ ನಿಂತರು! ಕಾಲು ಮುಂದೆ ಬರಲೊಲ್ಲದು. ಮುಖ ಬಿಳಿಚಿತ್ತು. ಏನಾಯಿತೆಂದು ಅಳಿಯನನ್ನು ಕೇಳಲೂ ನನಗೆ ಭಯ.

ಅತ್ತೆ ಒಂದು ಕ್ಷಣ ಅವರನ್ನೇ ನೋಡಿದಳು. ಅಷ್ಟು ವರ್ಷ ಕಾದ ಗಳಿಗೆ ಅದೇ ಅಲ್ಲವೇ? ಇನ್ನೊಂದು ಉಸಿರು ತಾಳಿದ್ದರೆ ಗಿರಿಜಮ್ಮ ಬರುತ್ತಿದ್ದರೇನೋ. ಆದರೆ ಗೆಳತಿಯ ಆ ಮುಖ ಕಂಡ ಮೇಲೆ ಅತ್ತೆಗೆ ಹಟವೂ ಇಲ್ಲ, ಲೆಕ್ಕವೂ ಇಲ್ಲ. ರಿಸೀವರ್ ಕಿತ್ತುಕೊಂಡು, "ತಗೊಳ್ಳೇ ಗಿರಿಜಾ!" ಎಂದು ಬಾಗಿಲಿಗೆ ಓಡಿದಳು. ತಂತಿ ಗಿಡ್ಡ ಎನ್ನುವುದು ಮರೆತೇಹೋಗಿತ್ತು. ಹಿಂದೆಯೇ ಫೋನು ಎಳೆದುಕೊಂಡು ಬಂತು, ಫೋನಿನ ಹಿಂದೆ ಹೊದಿಕೆ, ಹೊದಿಕೆಯ ಜೊತೆ ಬೋಗುಣಿ, ಚೊಂಬು, ಜೊಂಡು. ಮೂರು ಕಾಲಿನ ಮೇಜು ಮುಗ್ಗರಿಸಿತು. ಢಣಾರ್! ಕನ್ನಡಿ ಚೂರುಚೂರು. ಬುದ್ಧ ಉರುಳಿಕೊಂಡು ಹೋಗಿ ಮೂಲೆ ಸೇರಿದ. ಸಂಪಿಗೆಯೂ ನೀರೂ ಗಾಜೂ ಹೊಸ್ತಿಲವರೆಗೆ ಹರಿದವು. ಅತ್ತೆ ರಿಸೀವರ್ ಎತ್ತಿ ಹಿಡಿದುಕೊಂಡೇ ಚೀರಿದಳು. "ಬರ್ಬೇಡ ಕಣೇ! ಒಳಗ್ ಬರ್ಬೇಡ, ಗಾಜಿದೆ!"

ಗಿರಿಜಮ್ಮ ಬಂದರು. ಬರಿಗಾಲಲ್ಲಿ, ಹೊಸ್ತಿಲು ದಾಟಿ, ಗಾಜಿನ ನಡುವೆ ಹೆಜ್ಜೆ ಇಟ್ಟು ಬಂದು, ಅತ್ತೆಯ ತೋಳು ಹಿಡಿದು, "ನಿಂಗೇನೂ ಆಗಿಲ್ಲ ತಾನೇ?" ಎಂದರು. ಫೋನಿನ ನೆನಪು ಆಮೇಲೆ. ರಿಸೀವರಿನಿಂದ ಅಳಿಯ ಹಲೋ ಹಲೋ ಎಂದು ಕೂಗುತ್ತಲೇ ಇದ್ದ. ಅಪ್ಪನ ಕಾರ್ಖಾನೆಯ ಫೋನು, ಬಿದ್ದರೂ ಮಾತಾಡುವುದು ಬಿಟ್ಟಿರಲಿಲ್ಲ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಗಿರಿಜಮ್ಮ ಕುಸಿದು ಒದ್ದೆ ನೆಲದ ಮೇಲೇ ಕೂತುಬಿಟ್ಟರು. ಅತ್ತೆಯೂ ಪಕ್ಕದಲ್ಲಿ ಕೂತಳು. ಇಬ್ಬರೂ ಸಣ್ಣ ಹುಡುಗಿಯರಂತೆ ಬಿಕ್ಕಿ ಬಿಕ್ಕಿ ಅತ್ತರು, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಅತ್ತಳು, ಯಾಕೆಂದು ಗೊತ್ತಿಲ್ಲದೆ ನಾನೂ ಅತ್ತುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಗಿರಿಜಮ್ಮ ತಾವು ಕೂತ ಜಾಗವನ್ನು ಆಗ ತಾನೇ ಕಂಡವರಂತೆ ನೋಡಿದರು. ಅಂಗೈಯನ್ನು ನೆಲಕ್ಕೆ ಊರಿದರು.

"ನಿಮ್ಮನೆ ನೆಲ ತಣ್ಣಗಿದೆ ಕಣೇ ರತ್ನಾ" ಎಂದರು.

"ಇಷ್ಟ್ ವರ್ಷ ಬಿಸ್ಲಲ್ಲಿ ನಿಂತಿದ್ಯಲ್ಲೇ, ಇನ್ನೆಂಗಿರತ್ತೆ!" ಎಂದು ಅತ್ತೆ ಬೈದಳು. ಆಮೇಲೆ ಇಬ್ಬರೂ ಸೇರಿ ಗಾಜಿನ ನಡುವಿನಿಂದ ಸಂಪಿಗೆ ಆಯ್ದರು. ಬುದ್ಧನ ಒಂದು ಕಿವಿ ಮುಕ್ಕಾಗಿತ್ತು. "ಎರಡ್ ಬೀದಿ ಮಾತು ಕೇಳಿ ಕೇಳಿ ಸವೆದಿರತ್ತೆ ಬಿಡು" ಎಂದಳು ಅಮ್ಮ, ಕಾಫಿ ತಂದುಕೊಡುತ್ತ. ಗಿರಿಜಮ್ಮ ಲೋಟ ಎತ್ತಿ ಕುಡಿದರು. ಸಕ್ಕರೆ ಕಮ್ಮಿ ಎಂದರು!

ಮುಂದೆ ಅವರ ಮನೆಗೂ ಫೋನು ಬಂತು. ಅದರ ಹಿಂದೆಯೇ ಮೊಬೈಲುಗಳು ಬಂದವು. ನಮ್ಮ ಮೇಜಿನ ಫೋನನ್ನು ಕೇಳುವವರಿಲ್ಲವಾಯಿತು. ರಿಂಗ್ ರೋಡು ಮುಗಿಯಿತು, ಕೆರೆ ಏರಿಯ ಸಂಪಿಗೆ ಮರ ಹೋಯಿತು, ಗೌಡರ ಹಿತ್ತಲಿನಲ್ಲಿ ಪಿ.ಜಿ. ಎದ್ದಿತು. ಆದರೆ ದಿನಾ ಸಂಜೆ, ಸೊಂಟಕ್ಕೆ ಮೊಬೈಲ್ ಸಿಕ್ಕಿಸಿಕೊಂಡೇ, ಗಿರಿಜಮ್ಮ ಬಾಗಿಲಿಗೆ ಬಂದು ಕೇಳುತ್ತಿದ್ದರು, "ನಂಗೇನಾದ್ರೂ ಫೋನ್ ಬಂದಿತ್ತೇನೇ ರತ್ನಾ?" ಅತ್ತೆ ತಲೆಯೆತ್ತದೆ ಹೇಳುತ್ತಿದ್ದಳು, "ಇನ್ನೂ ಇಲ್ಲ. ಒಳಗ್ ಬಂದ್ ಕೂತ್ಕೋ, ಬರತ್ತೆ." ಕತ್ತಲಾಗುವವರೆಗೆ ಬಾರದ ಫೋನಿಗೆ ಇಬ್ಬರೂ ಕಾಯುತ್ತಿದ್ದರು.

ಈಗ ಅಪ್ಪನಿಲ್ಲ, ಅಮ್ಮನಿಲ್ಲ, ಆ ಕೆಂಪು ನೆಲವೂ ಇಲ್ಲ. ಅಲ್ಲಿ ಎದ್ದಿರುವ ಕಟ್ಟಡದ ಮುಂದೆ ಹೋದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಅತ್ತೆ ಕಳೆದ ಚಳಿಗಾಲದಲ್ಲಿ ಹೋದಳು. ಮೇಜು ಮಾತ್ರ ಕಲ್ಯಾಣ ನಗರದ ನನ್ನ ಫ್ಲಾಟಿನ ಬಾಗಿಲ ಬಲಗಡೆಗಿದೆ. ಮೇಲೆ ಒಂದು ಕಿವಿಯ ಬುದ್ಧ, ತಂತಿ ಕಡಿದ ಹಳೇ ಫೋನು, ಕೈ ಇಡಲು ಒಂಚೂರು ಖಾಲಿ ಜಾಗ. ಗುಜರಿ ಅಂಗಡಿಯಿಂದ ಬಂದ ಆ ಸಂಜೆ ನಾನು ಹೂವಿಡುತ್ತಿದ್ದಾಗ ಲಿಫ್ಟಿನ ಬಾಗಿಲು ತೆರೆಯಿತು. ಮೊಮ್ಮಗಳ ಕೈ ಹಿಡಿದುಕೊಂಡು ಗಿರಿಜಮ್ಮ. ಆವತ್ತು ಹುಟ್ಟಿದವಳೇ ಆ ಮೊಮ್ಮಗಳು, ಈಗ ಅಜ್ಜಿಗಿಂತ ಎತ್ತರ. ಅತ್ತೆ ಹೋದ ಮೇಲೆ ಅವರು ನನ್ನ ಮನೆಗೆ ಬಂದದ್ದು ಅದೇ ಮೊದಲು. ಹೊಸ್ತಿಲಲ್ಲಿ ನಿಂತರು. ಮೇಜನ್ನು ನೋಡಿದರು, ಫೋನನ್ನು ನೋಡಿದರು, ನನ್ನನ್ನು ನೋಡಿದರು.

"ನಂಗೇನಾದ್ರೂ ಫೋನ್ ಬಂದಿತ್ತೇನಮ್ಮ?" ಎಂದು ಕೇಳಿದರು.

"ಇನ್ನೂ ಇಲ್ಲ ಗಿರಿಜಮ್ಮ" ಎಂದೆ. "ಒಳಗ್ ಬಂದ್ ಕೂತ್ಕೊಳ್ಳಿ, ಬರತ್ತೆ."

ಚಪ್ಪಲಿ ಬಿಟ್ಟು ಒಳಗೆ ಬಂದರು. ಖಾಲಿ ಜಾಗದ ಮೇಲೆ ಕೈ ಊರಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೇಜಿನ ಪಕ್ಕದಲ್ಲಿ ಕೂತರು. ನಾನು ಕಾಫಿಗಿಟ್ಟು ಬಂದು ಅವರ ಹತ್ತಿರವೇ ಕೂತೆ.